ಜೀಪಿಗೆ ಸ್ನಾರ್ಕಲ್ ಹಾಕಿಸಬೇಕಾ? ಕೋಲು ಹಿಡಿದು ಅಳೆದ ಒಂದು ಮಳೆಗಾಲ

ಗಂಗಾವತಿಯಲ್ಲಿ ನನ್ನದೊಂದು ಶೆಡ್ ಇದೆ. ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷೀನ್ ರಿಪೇರಿ ಮಾಡುತ್ತೇನೆ. ನಾಟಿ ಮತ್ತು ಕೊಯ್ಲಿನ ಟೈಮಿನಲ್ಲಿ ಶೆಡ್ಡಿನಲ್ಲಿ ಕೂರುವುದು ಕಡಿಮೆ. ಗದ್ದೆಯಲ್ಲಿ ಕೆಟ್ಟು ನಿಂತ ಮಷೀನು ತಾನಾಗಿ ಬರುವುದಿಲ್ಲ, ನಾವೇ ಹೋಗಬೇಕು. ಹೋಗುವ ದಾರಿಯಲ್ಲಿ ಹಳ್ಳ ಇರುತ್ತದೆ, ಕಾಲುವೆಯ ಬಸಿನೀರು ಇರುತ್ತದೆ, ಎರೆ ಮಣ್ಣಿನ ಕೆಸರು ಇರುತ್ತದೆ. ಅದಕ್ಕೇ ಒಂದು ಹಳೇ ಡೀಸೆಲ್ ಜೀಪು ಇಟ್ಟುಕೊಂಡಿದ್ದೇನೆ, ಫೋರ್ ವೀಲ್ ಡ್ರೈವ್.

ಈ ಜೀಪಿಗೆ ಸ್ನಾರ್ಕಲ್, ಅಂದರೆ ಇಂಜಿನ್ನು ಎತ್ತರದಿಂದ ಗಾಳಿ ಎಳೆಯುವಂತೆ ಮಾಡುವ ಕೊಳವೆ, ಹಾಕಿಸಬೇಕು ಅಂತ ಎರಡು ವರ್ಷ ತಲೆಯಲ್ಲಿ ಓಡುತ್ತಿತ್ತು. ಸಂಡೂರಿನಲ್ಲಿ ಮೈನ್ಸ್ ಕಡೆ ಗಾಡಿ ಓಡಿಸುವ ಗೆಳೆಯನೊಬ್ಬ ಹಾಕಿಸಿಕೊಂಡು ಬಂದು ತೋರಿಸಿದ್ದ. ಬಾನೆಟ್ ಪಕ್ಕದಿಂದ ಮೇಲೆದ್ದು ಟಾಪಿನವರೆಗೆ ಹೋದ ಕಪ್ಪು ಕೊಳವೆ. ನೋಡಲು ಚೆನ್ನಾಗಿತ್ತು, ನನಗೂ ಆಸೆಯಾಯಿತು. ಒಳ್ಳೆಯ ಕಿಟ್, ಫಿಟಿಂಗ್ ಎಲ್ಲ ಸೇರಿ ಹದಿನೆಂಟು ಸಾವಿರ ಅಂತ ರೇಟು ಕೂಡ ಕೇಳಿದ್ದೆ. ಅಷ್ಟು ದುಡ್ಡು ಹಾಕುವ ಮುಂಚೆ ಒಂದು ಮಳೆಗಾಲ ಅಳೆದು ನೋಡೋಣ ಅಂದುಕೊಂಡೆ.

ನೀರು ಇಂಜಿನ್ನಿಗೆ ಏನು ಮಾಡುತ್ತದೆ ಅನ್ನುವುದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಳ್ಳದಲ್ಲಿ ನೀರು ಕುಡಿದು ನಿಂತಿದ್ದ ಒಂದು ಡೀಸೆಲ್ ಗಾಡಿಯ ಇಂಜಿನ್ ಬಿಚ್ಚಿದ್ದೆವು. ಮೂರನೇ ಸಿಲಿಂಡರಿನ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಹೊರಗೆ ತೆಗೆದು ಗಾಜಿನ ಮೇಲೆ ಇಟ್ಟರೆ ನಡುವೆ ಬೆರಳು ತೂರುವಷ್ಟು ಸಂದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದಾಗ ನೀರು ಜಾಗ ಬಿಡುವುದಿಲ್ಲ, ರಾಡ್ ಬಗ್ಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಇದು ಇನ್ನೂ ಜಾಸ್ತಿ ಅಪಾಯ. 2500 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಕಂಪ್ರೆಷನ್ 18ಕ್ಕೆ 1 ಅಂತ ಇಟ್ಟುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ 37 ಮಿಲಿಲೀಟರ್ ಅಷ್ಟೇ. ಹೋಟೆಲಿನ ಸಣ್ಣ ಗ್ಲಾಸಿನಲ್ಲಿ ಅರ್ಧ ಚಹಾ. ಅದಕ್ಕಿಂತ ಜಾಸ್ತಿ ನೀರು ಒಳಗೆ ಹೋದರೆ ಇಂಜಿನ್ ಕಥೆ ಮುಗಿಯಿತು.

ಸ್ನಾರ್ಕಲ್ ತಡೆಯುವುದು ಇದನ್ನೇ. ಗಾಳಿ ಎಳೆಯುವ ಬಾಯಿಯನ್ನು ಕೆಳಗಿನಿಂದ ಟಾಪಿಗೆ ಒಯ್ಯುತ್ತದೆ. ಹಾಗಾದರೆ ಮೊದಲು ತಿಳಿಯಬೇಕಾದದ್ದು ಎರಡು. ನನ್ನ ಜೀಪಿನ ಬಾಯಿ ಈಗ ಎಷ್ಟು ಎತ್ತರದಲ್ಲಿದೆ? ನಾನು ಇಳಿಯುವ ನೀರು ಎಷ್ಟು ಆಳ?

ಬಾನೆಟ್ ಎತ್ತಿ ಫಿಲ್ಟರ್ ಡಬ್ಬಿಯಿಂದ ಪೈಪನ್ನು ಕೈಯಲ್ಲಿ ಸವರುತ್ತಾ ಹೋದೆ. ಪೈಪಿನ ಬಾಯಿಯ ಕೆಳಗಿನ ಅಂಚಿನಿಂದ ನೆಲಕ್ಕೆ ಟೇಪು ಹಿಡಿದರೆ 96 ಸೆಂಟಿಮೀಟರ್ ಬಂತು. ನಿಮ್ಮ ಗಾಡಿಯಲ್ಲಿ ಇದು ಬೇರೆ ಇರುತ್ತದೆ, ಅಳೆಯದೆ ಊಹೆ ಮಾಡಬೇಡಿ. ಆಮೇಲೆ ಐದಡಿ ಬಿದಿರು ಕೋಲಿಗೆ ಹತ್ತು ಸೆಂಟಿಮೀಟರಿಗೆ ಒಂದರಂತೆ ಕೆಂಪು ಪಟ್ಟಿ ಬಳಿದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ಇನ್ನೊಂದು ತುದಿ ಜೀಪಿಗೆ ಕಟ್ಟಿ, ಪ್ರತಿ ಹಳ್ಳವನ್ನೂ ಮೊದಲು ನಡೆದು ದಾಟಿ, ನಂತರ ಜೀಪು ಇಳಿಸಿದೆ. ಸೆಳವು ಕಾಲು ಎಳೆಯುವಂತಿದ್ದರೆ ನಡೆಯುವುದೂ ಇಲ್ಲ, ಜೀಪು ಇಳಿಸುವುದೂ ಇಲ್ಲ.

ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಶೆಡ್ಡಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟೆ. ಒಟ್ಟು 31 ಸಲ ದಾಟಿದ್ದೆ. ಅದರಲ್ಲಿ 22 ಸಲ ನೀರು 30 ಸೆಂಟಿಮೀಟರಿಗಿಂತ ಕಡಿಮೆ. ಏಳು ಸಲ 30ರಿಂದ 45. ಎರಡೇ ಸಲ 50 ದಾಟಿತ್ತು, ಅತಿ ಆಳ ಅಂದರೆ 54. ಬಾಯಿ ಇರುವುದು 96ಕ್ಕೆ. ಗಾಡಿ ನುಗ್ಗುವಾಗ ಏಳುವ ಅಲೆಗೆ ಒಂದು ಗೇಣು ಬಿಟ್ಟರೂ ಇನ್ನೂ ಜಾಗ ಉಳಿಯುತ್ತದೆ.

ಇಲ್ಲಿಗೆ ಅರ್ಧ ಉತ್ತರ ಸಿಕ್ಕಿತ್ತು. ಉಳಿದರ್ಧ ಕಂಪನಿಗಳ ಅಂಕಿ ನೋಡಿದಾಗ ಸಿಕ್ಕಿತು. 2020ರಲ್ಲಿ ಬಂದ ಹೊಸ ಮಹೀಂದ್ರಾ ಥಾರ್‌ಗೆ ಸ್ನಾರ್ಕಲ್ ಇಲ್ಲ, ಆದರೂ ಕಂಪನಿ 650 ಮಿಲಿಮೀಟರ್ ನೀರಿನವರೆಗೆ ಇಳಿಸಬಹುದು ಅನ್ನುತ್ತದೆ. 2021ರ ಫೋರ್ಸ್ ಗೂರ್ಖಾ ಫ್ಯಾಕ್ಟರಿಯಿಂದಲೇ ಸ್ನಾರ್ಕಲ್ ಹಾಕಿಕೊಂಡು ಬರುತ್ತದೆ. ಅದಕ್ಕೆ ಹೇಳಿರುವುದು 700. ಕೊಳವೆ ಟಾಪಿನವರೆಗೆ ಹೋಗಿದೆ, ಮಿತಿ ಮಾತ್ರ ಮೊಣಕಾಲಿನ ಸ್ವಲ್ಪ ಮೇಲೆ. ಯಾಕೆ ಅಂತ ಯೋಚನೆ ಮಾಡಿ. ಗಾಡಿಯಲ್ಲಿ ನೀರು ಹೊಗಬಾರದ ಜಾಗ ಇಂಜಿನ್ನಿನ ಮೂಗು ಒಂದೇ ಅಲ್ಲ. ವೈರಿಂಗ್ ಇದೆ, ಆಲ್ಟರ್ನೇಟರ್ ಇದೆ, ಕ್ಲಚ್ ಇದೆ, ಗೇರ್ ಬಾಕ್ಸ್ ಇದೆ, ಮುಂದೆ ಹಿಂದೆ ಆಕ್ಸಲ್ ಹೌಸಿಂಗ್, ಅಂದರೆ ಆಕ್ಸಲ್ ಸುತ್ತ ಇರುವ ಆಯಿಲ್ ತುಂಬಿದ ಕವಚ, ಇವೆ.

ಹೌಸಿಂಗ್ ವಿಷಯದಲ್ಲಿ ನನಗೇ ಪೆಟ್ಟು ಬಿದ್ದಿತ್ತು. ಆ ಜುಲೈನಲ್ಲಿ ಹಿಂದಿನ ಆಕ್ಸಲ್‌ನಿಂದ ಸಣ್ಣಗೆ ಕೊರಗುವ ಸದ್ದು ಬಂತು. ಡ್ರೈನ್ ಪ್ಲಗ್ ಬಿಚ್ಚಿದೆ. ಕಂದು ಬಣ್ಣದ ಆಯಿಲ್ ಬರಬೇಕಿತ್ತು. ಬಂದದ್ದು ಬೆಲ್ಲದ ಹಾಲಿನಂಥ ಬಣ್ಣದ್ದು, ಬೆರಳಿಗೆ ಹಚ್ಚಿಕೊಂಡರೆ ಜಿಡ್ಡೇ ಇಲ್ಲ. ನೀರು ಸೇರಿತ್ತು. ನೀರು ಆಕ್ಸಲ್‌ಗಿಂತ ಸ್ವಲ್ಪ ಮೇಲೆ ಇದ್ದ ಹಳ್ಳದಲ್ಲೇ ಇದು ಆಗಿದ್ದು. ಗಾಡಿ ಓಡಿ ಬಂದಾಗ ಹೌಸಿಂಗ್ ಬಿಸಿ ಇರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣನೆ ನೀರಿಗೆ ಇಳಿದ ಕೂಡಲೇ ಆ ಗಾಳಿ ಕುಗ್ಗುತ್ತದೆ, ಗಾಳಿ ಆಡಲು ಬಿಟ್ಟಿರುವ ಬ್ರೀದರ್ ತೂತಿನಿಂದ, ಹಳೇ ಸೀಲಿನಿಂದ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ. ಹೊರಗೆ ಇರುವುದು ನೀರು.

ಹದಿನೆಂಟು ಸಾವಿರದ ಸ್ನಾರ್ಕಲ್ ಇದ್ದಿದ್ದರೂ ಇದನ್ನು ತಡೆಯುತ್ತಿರಲಿಲ್ಲ. ಅದಕ್ಕೆ ಮೊದಲು ಮಾಡಿದ್ದು ಬ್ರೀದರ್ ಕೆಲಸ. ಎರಡೂ ಆಕ್ಸಲ್, ಗೇರ್ ಬಾಕ್ಸ್, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ನಾಲ್ಕರ ಬ್ರೀದರ್ ಮುಚ್ಚಳ ತೆಗೆದು ನಿಪ್ಪಲ್ ಕೂರಿಸಿದೆ. ಡೀಸೆಲ್ ತಡೆಯುವ ಒಳ್ಳೆಯ ರಬ್ಬರ್ ಹೋಸ್ ತಂದು ಚಾಸಿಸ್ ಗುಂಟ ಎಳೆದು, ಬಾನೆಟ್ ಒಳಗೆ ಹಿಂದಿನ ತಗಡಿನ ಮೇಲ್ಭಾಗಕ್ಕೆ ಒಯ್ದು ಬಾಯಿ ಕೆಳಗೆ ಮಾಡಿ ಕಟ್ಟಿದೆ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಅಲ್ಲಿ ಹೋಸ್ ಸ್ವಲ್ಪ ಸಡಿಲ ಬಿಡಬೇಕು. ಬಿಗಿ ಕಟ್ಟಿದರೆ ಮೊದಲ ಗುಂಡಿಯಲ್ಲೇ ಕಿತ್ತು ಬರುತ್ತದೆ. ಸೈಲೆನ್ಸರ್‌ನಿಂದ ದೂರ ಇರಲಿ. ಸಾಮಾನಿಗೆ 1,100 ರೂಪಾಯಿ, ಒಂದು ಭಾನುವಾರ ಹೋಯಿತು. ಹಳೇ ಸೀಲುಗಳನ್ನೂ ಅವತ್ತೇ ಬದಲಿಸಿದೆ. ಆಮೇಲೆ ಆಯಿಲ್ ಬಣ್ಣ ಕೆಟ್ಟಿಲ್ಲ.

ದೀಪಾವಳಿಗೆ ಸಂಡೂರಿನ ಗೆಳೆಯ ಶೆಡ್ಡಿಗೆ ಬಂದಿದ್ದ. ಅವನ ಸ್ನಾರ್ಕಲ್ ಪರೀಕ್ಷೆ ಮಾಡೋಣ ಅಂದೆ. ಇದು ಸುಲಭ. ಇಂಜಿನ್ ಚಾಲೂ ಮಾಡಿ, ಸ್ನಾರ್ಕಲ್ ಬಾಯಿಗೆ ದಪ್ಪ ರಬ್ಬರ್ ಶೀಟ್ ಒತ್ತಿ ಮುಚ್ಚಬೇಕು. ಎಲ್ಲ ಕಡೆ ಸೀಲ್ ಆಗಿದ್ದರೆ ಇಂಜಿನ್ ಉಸಿರುಕಟ್ಟಿ ಎರಡು ಮೂರು ಸೆಕೆಂಡಿನಲ್ಲಿ ಆಫ್ ಆಗುತ್ತದೆ. ಅವನ ಗಾಡಿ ಆರಾಮಾಗಿ ಓಡುತ್ತಲೇ ಇತ್ತು.

"ಮತ್ತ ಗಾಳಿ ಎಲ್ಲಿಂದ ತಗೊಳಾಕತ್ತದ ಅಣ್ಣಾ ಇದು?" ಅಂದ.

ಹುಡುಕಿದೆವು. ಫಿಲ್ಟರ್ ಡಬ್ಬಿಯ ತಳದಲ್ಲಿ ಧೂಳು, ತೇವ ಇಳಿಯಲು ಇಟ್ಟ ರಬ್ಬರ್ ಮೂತಿ ಹರಿದಿತ್ತು. ಕೊಳವೆ ಡಬ್ಬಿಗೆ ಸೇರುವ ಕಡೆ ಸೀಲೆಂಟ್ ಇರಲಿಲ್ಲ, ಬರೀ ಕ್ಲಿಪ್ ಇತ್ತು. ಹಾಕಿಕೊಟ್ಟವರು ಕೊಳವೆಯನ್ನು ಚೆನ್ನಾಗಿ ನಿಲ್ಲಿಸಿದ್ದರು, ಆದರೆ ಗಾಳಿ ಹೋಗುತ್ತಿದ್ದುದು ಕೆಳಗಿನಿಂದಲೇ. ಟಾಪಿನವರೆಗೆ ನೀರು ಬಂದರೂ ಚಿಂತೆ ಇಲ್ಲ ಅಂತ ನಂಬಿಕೊಂಡು ಅವನು ಒಂದು ವರ್ಷ ಓಡಾಡಿದ್ದ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಸ್ನಾರ್ಕಲ್ ಇರುವವರು ಇವತ್ತೇ ಈ ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ.

ಹಾಗಂತ ಅವನಿಗೆ ಕಿತ್ತು ಹಾಕು ಅನ್ನಲಿಲ್ಲ. ಸೀಲ್ ಮಾಡಿಕೊಟ್ಟೆ, ಬಾಯಿಗೆ ಪ್ರಿ-ಕ್ಲೀನರ್ ಬಟ್ಟಲು ಕೂರಿಸಿಕೊಟ್ಟೆ. ನಮ್ಮ ಟ್ರ್ಯಾಕ್ಟರುಗಳ ಬಾನೆಟ್ ಮೇಲೆ ಇರುತ್ತದಲ್ಲ, ಗಾಳಿಯನ್ನು ಸುತ್ತಿಸಿ ಧೂಳನ್ನು ಬಟ್ಟಲಿಗೆ ಬೀಳಿಸುವುದು, ಅದೇ. ಅದಿರಿನ ಲಾರಿಗಳ ಹಿಂದೆ ದಿನವಿಡೀ ಓಡುವ ಗಾಡಿಗೆ ಎತ್ತರದಿಂದ ಗಾಳಿ ತಗೊಳ್ಳುವುದು ನಿಜಕ್ಕೂ ಒಳ್ಳೆಯದು. ಅವನ ಫಿಲ್ಟರ್ ತಟ್ಟಿದರೆ ಕುಂಕುಮದಂತೆ ಕೆಂಪು ಧೂಳು ಉದುರುತ್ತಿತ್ತು. ಅವನಿಗೆ ಸ್ನಾರ್ಕಲ್ ಬೇಕಿರುವುದು ಧೂಳಿಗೆ. ನನಗೆ ಅಷ್ಟು ಧೂಳಿಲ್ಲ, ಫಿಲ್ಟರ್ ಬೇಗ ಬೇಗ ಬದಲಿಸಿದರೆ ಸಾಕು.

ಇನ್ನೆರಡು ಮಾತು. ಹಾಕಿಸಿದರೆ ಬಾಡಿಯಲ್ಲಿ ತೂತು ಕೊರೆಯಬೇಕು, ಕೊರೆದ ಅಂಚಿಗೆ ಪ್ರೈಮರ್ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾವಣೆಯ ಬಗ್ಗೆ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿ ಓದಿದೆ. ಆರ್‌ಟಿಒದಲ್ಲಿ ಕೇಳಿಕೊಂಡೇ ಕೈ ಹಾಕಿ. ಇನ್ಶೂರೆನ್ಸ್‌ನಲ್ಲಿ ಇಂಜಿನ್ ಪ್ರೊಟೆಕ್ಷನ್ ಬೇರೆ ತಗೊಂಡಿದ್ದೀರಾ ನೋಡಿ. ನೀರಲ್ಲಿ ಆಫ್ ಆದ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಎಳೆಸಿಕೊಂಡು ಬನ್ನಿ.

ನಾನು ಸ್ನಾರ್ಕಲ್ ಬೇಡ ಅಂತ ಮನಸ್ಸು ಗಟ್ಟಿ ಮಾಡಿದ್ದು ಮಾತ್ರ ಆ ಆಗಸ್ಟಿನಲ್ಲೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಮರುದಿನ ಚಿಕ್ಕಜಂತಕಲ್ ಕಡೆಯ ರೈತರೊಬ್ಬರು ಫೋನ್ ಮಾಡಿದರು. ಕೆಸರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಹಾಕಿ ಗದ್ದೆ ಕಲಸುತ್ತಿದ್ದ ಟ್ರ್ಯಾಕ್ಟರ್ ನಿಂತುಬಿಟ್ಟಿದೆ, ನಾಟಿ ಆಳುಗಳು ಕೂತಿದ್ದಾರೆ. ಹೋದೆ. ಹನಿ ಮಳೆ ಇಲ್ಲ, ಆದರೆ ಹೊಳೆ ನೀರು ಹಳ್ಳದೊಳಕ್ಕೆ ಹಿಮ್ಮೆಟ್ಟಿ ಏರಿತ್ತು. ದಡದಿಂದ ಕೋಲು ಚಾಚಿ ಊರಿದರೆ ಏಳನೇ ಪಟ್ಟಿ ದಾಟಿ 74. ಬಾಯಿಗೆ ಇನ್ನೂ 22 ಸೆಂಟಿಮೀಟರ್ ಬಾಕಿ ಇತ್ತು, ಇಂಜಿನ್ ನೀರು ಕುಡಿಯುತ್ತಿರಲಿಲ್ಲ. ಆದರೆ ಹರಿಯುವ ನೀರು 60 ಸೆಂಟಿಮೀಟರ್ ಬಂದರೆ ದೊಡ್ಡ ಗಾಡಿಯನ್ನೂ ತೇಲಿಸಿ ಒಯ್ಯುತ್ತದೆ. ಕೋಲಿನ ತುದಿ ಕೈಯಲ್ಲಿ ನಡುಗುತ್ತಿತ್ತು.

ಟ್ರ್ಯಾಕ್ಟರಿನ ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿರಬೇಕು ಅನ್ನಿಸಿತು. ಜೀಪು ದಡದಲ್ಲೇ ಬಿಟ್ಟು ರೈತರಿಗೆ ಫೋನ್ ಮಾಡಿದೆ. ಆಚೆ ದಡದ ಗದ್ದೆಯಲ್ಲಿ ಅವರು ಕಾಣುತ್ತಿದ್ದರು.

"ಬರಬ್ಯಾಡ್ರಿ ಮೇಸ್ತ್ರಿ, ನೀರು ಭಾಳ ಐತಿ" ಅಂದರು.

"ನಾ ಬರಲ್ಲರಿ. ನೀವು ಡೀಸೆಲ್ ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡ್ಲ ಮಾಡ್ರಿ. ಹ್ಯಾಂಡ್ ಪಂಪ್ ಒತ್ತಿ. ಗುಳ್ಳಿ ಬರೋದು ನಿಲ್ಲೋತನಕ ಒತ್ತಿ."

ಸ್ವಲ್ಪ ಹೊತ್ತು ಬರೀ ಉಸಿರಿನ ಸದ್ದು. ಆಮೇಲೆ "ಗುಳ್ಳಿ ನಿಂತ್ವು" ಅಂದರು. ಸ್ಕ್ರೂ ಬಿಗಿ ಮಾಡಿಸಿದೆ, ಸೆಲ್ಫ್ ಹೊಡೆಯಿರಿ ಅಂದೆ. ಮೂರನೇ ಸಲಕ್ಕೆ ಹಿಡಿಯಿತು. ಫೋನಿನಲ್ಲೂ ಕೇಳಿತು, ಹಳ್ಳದ ಆಚೆಯಿಂದಲೂ ಕೇಳಿತು.