ಅಪೊಲೊ ಕಾಲದ ಪೋಸ್ಟ್‌ಕಾರ್ಡ್ ಕೊಳ್ಳುವ ಮುನ್ನ ಹಿಂಬದಿಯನ್ನು ಓದಿ

ಮನುಷ್ಯ ಚಂದ್ರನನ್ನು ತಲುಪಿದ ದಿನಗಳ ನೆನಪಿಗೆ ಅಮೆರಿಕದಲ್ಲಿ ಅಚ್ಚಾದ ಚಿತ್ರ ಪೋಸ್ಟ್‌ಕಾರ್ಡ್‌ಗಳನ್ನು ಸಂಗ್ರಹಿಸಲು ಹೊರಟವರು ಮೊದಲು ಕಾರ್ಡನ್ನು ಮಗುಚಿ ನೋಡಬೇಕು. 1968ರ ಡಿಸೆಂಬರಿನಲ್ಲಿ ಅಪೊಲೊ 8 ನೌಕೆಯಿಂದ ತೆಗೆದ ಭೂಮಿಯ ಉದಯದ ಚಿತ್ರವಾಗಲಿ, 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ತೆಗೆದ ಆಲ್ಡ್ರಿನ್ ಅವರ ಚಿತ್ರವಾಗಲಿ ಇಂದಿಗೂ ಅಚ್ಚಾಗುತ್ತಿರುವುದರಿಂದ, ಕಾರ್ಡಿನ ವಯಸ್ಸಿಗೆ ಅವು ಸಾಕ್ಷಿಯಾಗಲಾರವು. (ಆ ಎರಡನೆಯ ಚಿತ್ರದಲ್ಲಿ ಆರ್ಮ್‌ಸ್ಟ್ರಾಂಗ್ ಕಾಣುವುದು ಆಲ್ಡ್ರಿನ್ ಅವರ ಶಿರಸ್ತ್ರಾಣದ ಗಾಜಿನಲ್ಲಿ, ಪುಟ್ಟ ಬಿಳಿಯ ಪ್ರತಿಬಿಂಬವಾಗಿ ಮಾತ್ರ.)

ಹಿಂಬದಿಯ ವಿವರಣೆಯಲ್ಲಿ ಸ್ಥಳನಾಮವನ್ನು ಹುಡುಕಿ. ಉಡಾವಣೆಯ ಭೂಶಿರವನ್ನು ‘ಕೇಪ್ ಕೆನಡಿ’ ಎಂದು ಕರೆದಿದ್ದರೆ ಅದು ಒಳ್ಳೆಯ ಸುಳಿವು. 1963ರ ಕೊನೆಯಲ್ಲಿ ಬಂದ ಆ ಹೆಸರು 1973ರಲ್ಲಿ ಮರಳಿ ಕೇಪ್ ಕೆನಾವೆರಲ್ ಆಯಿತು. ‘ಕೆನಡಿ ಸ್ಪೇಸ್ ಸೆಂಟರ್’ ಎಂಬ ಹೆಸರು ಮಾತ್ರ ಈಗಲೂ ಉಳಿದಿರುವುದರಿಂದ ಅದರಿಂದ ಏನೂ ತಿಳಿಯದು. ಹಾಗೆಯೇ ಹ್ಯೂಸ್ಟನ್‌ನ ಬಾಹ್ಯಾಕಾಶ ಕೇಂದ್ರವನ್ನು ‘ಜಾನ್ಸನ್’ ಹೆಸರಿನಿಂದ ಗುರುತಿಸಿದ್ದರೆ ಆ ಕಾರ್ಡು 1973ಕ್ಕಿಂತ ಹಿಂದಿನದಲ್ಲ.

ಹೆಚ್ಚು ಜನ ಮೋಸಹೋಗುವುದು ಅಂಚೆಮುದ್ರೆಯಲ್ಲಿ. ಗಗನಯಾತ್ರಿಯೊಬ್ಬ ಏಣಿಯಿಳಿದು ಚಂದ್ರನ ನೆಲಕ್ಕೆ ಕಾಲಿಡುತ್ತಿರುವ 10 ಸೆಂಟಿನ ಏರ್‌ಮೇಲ್ ಅಂಚೆಚೀಟಿಯನ್ನು ಮುದ್ರಿಸುವ ಮೂಲ ಲೋಹದ ಅಚ್ಚು ಅಪೊಲೊ 11ರೊಂದಿಗೆ ಚಂದ್ರನವರೆಗೆ ಹೋಗಿಬಂದದ್ದು ನಿಜವಾದರೂ, ಆ ಚೀಟಿ ಬಿಡುಗಡೆಯಾದದ್ದು 1969ರ ಸೆಪ್ಟೆಂಬರ್ 9ರಂದು. ಬಿಡುಗಡೆಯ ದಿನದ ಮುದ್ರೆಯಲ್ಲಿ ವಾಷಿಂಗ್ಟನ್ನಿನ ಆ ದಿನಾಂಕದ ಜೊತೆಗೆ ಚಂದ್ರಸ್ಪರ್ಶದ ಜುಲೈ 20 ಕೂಡ ಇತ್ತು. ಆದ್ದರಿಂದ ಈ ಚೀಟಿಯ ಮೇಲೆ ಜುಲೈ 20ರ ಮುದ್ರೆ ತೋರಿಸಿ ‘ಅದೇ ದಿನ ಅಂಚೆಗೆ ಬಿದ್ದದ್ದು’ ಎಂದು ಯಾರಾದರೂ ಹೆಚ್ಚಿನ ಬೆಲೆ ಕೇಳಿದರೆ ಒಪ್ಪಬೇಡಿ.

ಬಳಿಕ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಚಿತ್ರದ ಮೇಲಿಡಿ. ಮುದ್ರಣಾಲಯದ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಪುಟ್ಟ ಹೂವಿನಂತೆ ಕ್ರಮವಾಗಿ ಕೂಡಿರುತ್ತವೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ನಕಲಿನಲ್ಲಿ ಅವು ಎರಚಿದಂತೆ ಚದುರಿರುತ್ತವೆ.

ಕೊಂಡ ಕಾರ್ಡುಗಳನ್ನು ಪಿವಿಸಿ ಪ್ಲಾಸ್ಟಿಕ್ ಹಾಳೆಗಳಲ್ಲಿ ಇಡದೆ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಲಕೋಟೆಗಳಲ್ಲಿ ಒಂದೊಂದಾಗಿ ಇಡಿ. ಹೊಳಪಿನ ಮೈಯ ಕಾರ್ಡುಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುವುದರಿಂದ, ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸುತ್ತಿರಬೇಕು.