‘ಮನೆ ಮಾತಾಗಿದೆ’: ಹಾಸನದ ಬೀದಿಗಳಿಂದ ಕವಿತೆ ಕಟ್ಟಿದ ಬಗೆ

ಹಾಸನದ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತ, ಇದೇ ಊರಿನ ಬಗ್ಗೆ ಕವಿತೆ ಬರೆಯುತ್ತ ಬಂದಿರುವ ನಾನು ನಗರದ ಅಸಮಾನತೆಯನ್ನು ಅರಿತದ್ದು ಬಹುಪಾಲು ನನ್ನ ವಿದ್ಯಾರ್ಥಿಗಳಿಂದ. ಆಲೂರು, ಅರಕಲಗೂಡು ಕಡೆಯಿಂದ ಬಸ್ಸಿನಲ್ಲಿ ಬರುವವರು, ತಾಯಿ ಗಾರ್ಮೆಂಟ್ಸ್‌ಗೆ ಹೋಗುವವರು, ತಂದೆ ಹೊಸ ಬಡಾವಣೆಯಲ್ಲಿ ಸೈಟು ಮಾರುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬಡತನದ ಬಗ್ಗೆ ಬರೆಯಿರಿ ಎಂದರೆ ಎಲ್ಲರೂ ಒಂದೇ ಬಗೆಯ ಕಣ್ಣೀರಿನ ಸಾಲುಗಳನ್ನು ಬರೆದುಕೊಡುತ್ತಾರೆ. ಮನೆಯವರು ಮಾಡುವ ಕೆಲಸದ ಬಗ್ಗೆ ಬರೆಯಿರಿ ಎಂದರೆ ಒಬ್ಬೊಬ್ಬರ ಪುಟವೂ ಬೇರೆಯಾಗುತ್ತದೆ. ನಾನು ಬರೆಯಲು ಕೂರುವಾಗಲೂ ಹಿಡಿಯುವ ದಾರಿ ಇದೇ.

ಇದಕ್ಕೆ ನನಗೆ ಆಸರೆಯಾದವರು 12ನೆಯ ಶತಮಾನದ ವಚನಕಾರರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲರ ಹೆಸರಿನಲ್ಲೇ ಕಾಯಕವಿದೆ. ಅವರ ವಚನಗಳ ಪಾಠ ಮುಗಿದ ಮೇಲೆ ಇಂದಿನ ಹಾಸನದ ಕಾಯಕಗಳ ಮಾತುಗಳನ್ನು ಮನೆಯಿಂದ ಕೇಳಿ ತರಲು ಹೇಳುತ್ತೇನೆ. ಲೈನು, ಟಾರ್ಗೆಟ್, ಓಟಿ ಎಂಬ ಮಾತುಗಳು ಹೊಲಿಗೆ ಯಂತ್ರದ ಕಡೆಯಿಂದ ಬರುತ್ತವೆ. ಹಾಜರಿ, ಮೇಸ್ತ್ರಿ, ನೇರ ಪಾವತಿ ಎಂಬವು ಪೌರಕಾರ್ಮಿಕರ ಮನೆಗಳಿಂದ ಬರುತ್ತವೆ.

ನನ್ನ ಕವಿತೆಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು ಬಾಡಿಗೆ ಮನೆಯ ಕುರಿತಾದದ್ದು. ಅಕ್ಕನೊಂದಿಗೆ ಮನೆ ಹುಡುಕಿಕೊಂಡು ಅಲೆದ ವಿದ್ಯಾರ್ಥಿನಿಯೊಬ್ಬಳು ಮಾಲೀಕರು ಕೇಳುವ ಪ್ರಶ್ನೆಗಳನ್ನು ಕ್ರಮವಾಗಿ ಬರೆದು ತಂದಿದ್ದಳು. ಎಷ್ಟು ಜನ ಇರ್ತೀರಿ, ಯಾವೂರು, ಅಪ್ಪ ಏನು ಮಾಡ್ತಾರೆ, ನಾನ್‌ವೆಜ್ ಮಾಡ್ತೀರಾ ಎಂದು ಸಾಗುವ ಮಾತು, ಬೀಗದ ಕೈ ಇನ್ನೂ ಅವರ ಕೈಯಲ್ಲೇ ಇರುವಾಗ, ‘ನೀವು ಯಾವ ಜನ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಉತ್ತರ ಕೇಳಿದ ಮೇಲೆ ಮನೆ ಆಗಲೇ ಬೇರೆಯವರಿಗೆ ಮಾತಾಗಿರುತ್ತದೆ. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ಆದರೆ ಅಷ್ಟು ಸಭ್ಯವಾಗಿ ಆಡಿದ ಒಂದು ಮಾತನ್ನು ಯಾವ ಠಾಣೆಗೆ ಒಯ್ದು ತೋರಿಸುವುದು? ಹಳ್ಳಿಯಲ್ಲಿ ಕೇರಿಯ ಗಡಿ ಕಣ್ಣಿಗೆ ಕಾಣುತ್ತದೆ, ನಗರದಲ್ಲಿ ಅದು ಹೀಗೆ ಬಾಗಿಲ ಬಳಿಯ ಮಾತಿನಲ್ಲಿ ಅಡಗಿರುತ್ತದೆ ಎಂದು ನನಗೆ ಸ್ಪಷ್ಟವಾದದ್ದು ಆ ಹಾಳೆಯಿಂದಲೇ.

ಅವಳ ಒಪ್ಪಿಗೆ ಪಡೆದು ನಾನದನ್ನು ಕವಿತೆಯಾಗಿಸಲು ಕುಳಿತಾಗ ಮೊದಲು ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆಯಲ್ಲಿ ಹಾಡಿಕೊಂಡು ನೋಡಿದೆ. ಕುಮಾರವ್ಯಾಸನಲ್ಲಿ ರಣರಂಗವನ್ನೇ ಕಣ್ಣೆದುರು ತರುವ ಆ ಓಟ, ಹೊಸ್ತಿಲ ಹೊರಗೆ ನಿಂತ ಇಬ್ಬರ ತಡವರಿಕೆಗೆ ಹೊಂದಲಿಲ್ಲ. ಛಂದಸ್ಸನ್ನು ಬಿಟ್ಟು, ಒಂದೊಂದು ಪ್ರಶ್ನೆಗೆ ಒಂದೊಂದು ಸಾಲು ಕೊಟ್ಟು, ಉತ್ತರದ ಜಾಗವನ್ನು ಖಾಲಿ ಬಿಟ್ಟೆ. ತರಗತಿಯಲ್ಲಿ ಒಬ್ಬರು ಪ್ರಶ್ನೆಗಳನ್ನು ಓದಿ, ಇನ್ನೊಬ್ಬರು ಉತ್ತರದ ಹೊತ್ತಿನಷ್ಟು ಸುಮ್ಮನೆ ನಿಂತಾಗ, ಬಾಡಿಗೆ ಮನೆಗಳಿರುವ ಕುಟುಂಬದ ಹುಡುಗನೊಬ್ಬ ಎದ್ದು, ‘ಮೇಡಂ, ನಮ್ಮನೇಲೂ ಹೀಗೇ ಕೇಳ್ತಾರೆ’ ಎಂದ. ಅವನ ಆ ಧೈರ್ಯವನ್ನು ನಾನು ಬಹಳ ಗೌರವಿಸುತ್ತೇನೆ.

ಒಬ್ಬರ ಬದುಕಿನಿಂದ ತೆಗೆದುಕೊಂಡದ್ದನ್ನು ಮೊದಲು ಅವರಿಗೇ ಓದಿ ಹೇಳುವುದು ನನ್ನ ಕಡ್ಡಾಯ ನಿಯಮ. ಗಾರ್ಮೆಂಟ್ಸ್ ಕೆಲಸದ ಕವಿತೆಯಲ್ಲಿ ನಾನು ಯಂತ್ರಗಳ ಸದ್ದನ್ನು ವಿಸ್ತಾರವಾಗಿ ವರ್ಣಿಸಿದ್ದನ್ನು ಕೇಳಿದ ತಾಯಿಯೊಬ್ಬರು, ‘ಸದ್ದು ಅಭ್ಯಾಸ ಆಗೋಗುತ್ತೆ ಮೇಡಂ, ನೀರು ಕುಡಿಯೋಕೇ ಭಯ, ಪದೇ ಪದೇ ಎದ್ದು ಹೋದ್ರೆ ಟಾರ್ಗೆಟ್ ಆಗಲ್ಲ’ ಎಂದರು. ಸದ್ದಿನ ಭಾಗವನ್ನು ಪೂರ್ತಿ ತೆಗೆದು, ಸಂಜೆಯಾದರೂ ತುಂಬಿಯೇ ಉಳಿಯುವ ನೀರಿನ ಬಾಟಲಿಯ ಸುತ್ತ ಕವಿತೆಯನ್ನು ಮತ್ತೆ ಬರೆದೆ.

ಈಗ ಬರೆಯುತ್ತಿರುವುದು ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆದಿರುವ ದಿನಗಳನ್ನು ಕುರಿತು. ಧರ್ಮದರ್ಶನದ ಸಾಲು, 300 ರೂಪಾಯಿಯ ಸಾಲು, 1000 ರೂಪಾಯಿಯ ಸಾಲು ಮೂರನ್ನೂ ಪುಟದಲ್ಲಿ ಪಕ್ಕಪಕ್ಕ ನಿಲ್ಲಿಸಿದ್ದೇನೆ. ಆ ಸಾಲುಗಳು ಬಿಟ್ಟುಹೋದುದನ್ನು ಗುಡಿಸುವ ಹೆಂಗಸರಿಗೆ ದರ್ಶನ ಯಾವ ಹೊತ್ತಿಗೆ ಸಿಗುತ್ತದೆ ಎಂಬುದನ್ನು, ಅವರು ಹಾಜರಿ ಹಾಕುವ ಹೊತ್ತಿಗೆ ಹೋಗಿ ಅವರಿಂದಲೇ ಕೇಳಿ ತಿಳಿಯುವವರೆಗೆ ಆ ಭಾಗವನ್ನು ಬರೆಯುವುದಿಲ್ಲ.