ನನ್ನ ಕಥೆಗೆ ಮಕರ ಬಂದಿದ್ದು

ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ನಮ್ಮೂರಿನ ಪಂಚಾಯಿತಿ ಲೈಬ್ರರಿಯ ಮಕ್ಕಳ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದೆ. ಆಮೇಲೆ ಅವನ್ನೇ ಎರಡನೇ ಸಲ ಓದಿದೆ. ಹಾಸನದಲ್ಲಿ ಕಾಲೇಜು ಸೇರಿದ ಮೇಲೆ ಬಸ್ಸಿನಲ್ಲಿ ಓದು. ಮಾಟಗಾತಿ, ಮಾತಾಡುವ ಹಕ್ಕಿ ಇದ್ದರೆ ಸಾಕು, ಸ್ಟಾಪ್ ಬಂದಿದ್ದೇ ಗೊತ್ತಾಗುತ್ತಿರಲಿಲ್ಲ. ಅಂಥದ್ದೊಂದು ಕಾದಂಬರಿ ನಾನೂ ಬರೀಬೇಕು ಅನ್ನೋ ಆಸೆ ಹುಟ್ಟಿದ್ದು ಅಲ್ಲೇ.

ಮೊದಲ ಸಲ ಹಿಮದ ಬೆಟ್ಟ, ಬೆಂಕಿ ಉಗುಳುವ ಡ್ರ್ಯಾಗನ್ ಇಟ್ಟು ಬರೆದೆ. ಅರವತ್ತು ಪುಟಕ್ಕೆ ನಿಂತುಹೋಯಿತು. ಹಿಮದ ಮೇಲೆ ಬರಿಗಾಲಿಟ್ಟರೆ ಹೇಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಓದಿದ್ದನ್ನೇ ತಿರುಗಿಸಿ ಬರೆಯುತ್ತಿದ್ದೆ ಅಷ್ಟೇ.

ಆ ಡಿಸೆಂಬರಿನಲ್ಲಿ ನೆಂಟರನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಎಷ್ಟೋ ಸಲ ನೋಡಿದ ದೇವಸ್ಥಾನ. ಗೋಡೆಯ ತಳದಲ್ಲಿ ಆನೆಗಳ ಸಾಲು, ಮೇಲೆ ಹಂಸಗಳ ಸಾಲು, ಹಂಸದ ಕೆಳಗೇ ಮಕರ. ಗೈಡ್ ಒಬ್ಬರು ಶಾಲೆ ಮಕ್ಕಳಿಗೆ ಹೇಳುತ್ತಿದ್ದರು: ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ಹಂದಿ ಮೈ, ನವಿಲಿನ ಬಾಲ. ನಾನೂ ಹತ್ತಿರ ಹೋಗಿ ನೋಡಿದೆ. ಬಳಪದ ಕಲ್ಲಿನಲ್ಲಿ ಆ ಬಾಲ ಬಳ್ಳಿಯ ಹಾಗೆ ಸುರುಳಿ ಸುತ್ತಿಕೊಂಡು, ಎಲ್ಲಿ ಗರಿ ಮುಗಿದು ಎಲ್ಲಿ ಎಲೆ ಶುರುವಾಯಿತು ಅಂತ ಹೇಳಲಿಕ್ಕೇ ಆಗದ ಹಾಗಿತ್ತು. ಸುಮಾರು 900 ವರ್ಷದ ಹಿಂದೆ ಯಾರೋ ಇಂಥ ಪ್ರಾಣಿಯನ್ನು ಪೂರ್ತಿ ನಂಬಿ ಕೆತ್ತಿದ್ದಾರೆ. ನಾನು ಡ್ರ್ಯಾಗನ್ ಹುಡುಕಿಕೊಂಡು ಎಲ್ಲಿಗೆ ಹೋಗಿದ್ದೆ?

ನನ್ನ ಕಥೆಯ ಮಕರ ಇರುವ ಜಾಗವೂ ದೂರ ಇರಲಿಲ್ಲ. ಗೊರೂರು ಡ್ಯಾಮ್ ತುಂಬಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚ್ ಹೇಮಾವತಿ ಹಿನ್ನೀರಿನಲ್ಲಿ ಬಹುಪಾಲು ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಬರುತ್ತದೆ. ನನ್ನ ಕಥೆಯ ಊರೂ ಹಾಗೇ, ನೀರು ಇಳಿದಾಗ ಮಾತ್ರ ಕಾಣುತ್ತದೆ.

ಮಾಯಕ್ಕೊಂದು ಕಟ್ಟುಪಾಡು ಬೇಕು ಅನ್ನೋದನ್ನು ಕಲಿಸಿದ್ದು ಅಜ್ಜಿ. ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಇಡುವ ಕಥೆ ಹೇಳುತ್ತಾ, "ಅವನಿಗೆ ಸಾವೇ ಇಲ್ಲ ಅಂದ್ರೆ ಕಥೆ ಯಾಕೆ ಕೇಳ್ತೀಯ ಹೇಳು?" ಅನ್ನುತ್ತಿದ್ದರು. ಹಾಗಾಗಿ ನನ್ನ ಮಕರ ಬೇಡಿದ್ದು ಕೊಡುತ್ತದೆ. ಆದರೆ ಪ್ರತಿ ಸಲ ಬೇಡಿದವರ ಬಾಯಿಂದ ಒಂದು ಪದ ತೆಗೆದುಕೊಳ್ಳುತ್ತದೆ. ಊರಿಗಾಗಿ ಬೇಡಿ ಬೇಡಿ ನನ್ನ ಕಥೆಯ ಹುಡುಗಿ ಕೊನೆಗೆ ಎಲ್ಲ ಮಾತನ್ನೂ ಕಳೆದುಕೊಳ್ಳುತ್ತಾಳೆ. ಅಲ್ಲಿಗೆ ಕಥೆ ಮುಗಿಸಿದ್ದೆ. ಓದಿದರೆ ಎದೆ ಭಾರವಾಗುತ್ತಿತ್ತು, ಆದರೆ ಅದು ಸುಳ್ಳು ಅನ್ನಿಸುತ್ತಿತ್ತು.

ಆ ವರ್ಷ ನಮ್ಮ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದಿತ್ತು. ಜಡಿಮಳೆ ಹಿಡಿದು, ನಾಲ್ಕೈದು ದಿನದಲ್ಲಿ ಹೊಲ ಕಪ್ಪಾಗಿ ಕೊಳೆತ ವಾಸನೆ ಬಂತು. ಅಪ್ಪ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆದರೆ ಮುಂದಿನ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಯಾರ್ಡಿನಿಂದ ಜಲಂಧರ್ ಬಿತ್ತನೆ ಗಡ್ಡೆ ತಂದರು. ಜಗಲಿ ಮೇಲೆ ಕೂತು ನಾವೆಲ್ಲ ಕೊಯ್ದೆವು. ಪ್ರತಿ ಹೋಳಿಗೂ ಮೊಳಕೆ ಬರುವ ಕಣ್ಣು ಇರಲೇಬೇಕು. ಒಂದು ಹೋಳನ್ನು ಅಪ್ಪ ನನ್ನ ಅಂಗೈಯಲ್ಲಿಟ್ಟು, "ನೋಡವ್ವ, ಎಷ್ಟು ಚೆನ್ನಾಗಿ ಮೊಳಕೆ ಒಡೆದಿದೆ" ಅಂದರು. ಸಣ್ಣ ನೇರಳೆ ಬಣ್ಣದ ಮೊಳಕೆ, ಅಕ್ಕಿಕಾಳಿನಷ್ಟು. ಹಿಂದಿನ ವರ್ಷದ ಸಾಲ ಇನ್ನೂ ತೀರಿರಲಿಲ್ಲ.

ಅವತ್ತು ರಾತ್ರಿ ಕೊನೆಯ ಅಧ್ಯಾಯ ಹರಿದು ಹಾಕಿದೆ. ಈಗ ಹುಡುಗಿ ಮಾತು ಕಳೆದುಕೊಂಡ ಮೇಲೂ ಕಥೆ ಇದೆ. ಅವಳು ಉಳಿಸಿದ ಊರಿನವರೇ ಒಬ್ಬೊಬ್ಬರು ಬಂದು, ಒಂದೊಂದು ಪದ ಹೇಳಿಕೊಡುತ್ತಾರೆ. ಕಳೆದದ್ದೆಲ್ಲ ವಾಪಸ್ ಬರುವುದಿಲ್ಲ. ಕೆಲವು ಪದಗಳನ್ನು ಅವಳು ತಪ್ಪಾಗಿಯೇ ಕಲಿಯುತ್ತಾಳೆ.

ಈಗ ಎರಡನೇ ಸಲ ತಿದ್ದುತ್ತಿದ್ದೇನೆ. ಬರೆದಷ್ಟನ್ನೂ ತಮ್ಮನಿಗೆ ಜೋರಾಗಿ ಓದಿ ಹೇಳುತ್ತೇನೆ. ಅವನು ಆಕಳಿಸಿದ ಕಡೆ ಪೆನ್ಸಿಲ್ ಗುರುತು ಹಾಕುತ್ತೇನೆ, ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ. ಹುಡುಗಿಗೆ ಮೊದಲು ಹೇಳಿಕೊಡುವ ಪದ 'ಹೊಳೆ' ಅಂತ ಬರೆದಿದ್ದೆ. ಮೊನ್ನೆ ಅವನು ಕೇಳಿದ: "ಅಕ್ಕ, ಮೊದ್ಲು 'ಹಸಿವು' ಅನ್ನೋದು ಹೇಳ್ಕೊಡ್ಬೇಕು ಅಲ್ವಾ? ಇಲ್ಲಾಂದ್ರೆ ಊಟ ಹೇಗೆ ಕೇಳ್ತಾಳೆ?"

ಆ ಪುಟ ತಿದ್ದಿದ್ದೇನೆ.